ಶನಿವಾರ ತಣ್ಣಗಾಗದ ಫ್ರಿಜ್

"ಕಾಮಾಕ್ಷಮ್ಮ, ನಮ್ಮಣ್ಣ ನನ್ನ ಕಳ್ಳ ಅಂದಾನ್ರೀ!"

ಬಾಗಿಲು ತೆರೆದವನು ನಾನು. ಆದರೂ ಮುಕುಂದ ನನ್ನ ಹೆಗಲ ಮೇಲಿಂದ ಇಣುಕಿ, ಒಳಗೆ ಕಿಟಕಿಯ ಬಳಿ ಕೂತಿದ್ದ ಕಾಮಾಕ್ಷಮ್ಮನವರಿಗೇ ಈ ಮಾತು ಹೇಳಿದ. ನಮ್ಮಲ್ಲಿಗೆ ಬರುವವರೆಲ್ಲ ಹೀಗೆಯೇ. ನನ್ನನ್ನು ಬಾಗಿಲಿನ ಒಂದು ಭಾಗ ಎಂದುಕೊಂಡಿರುತ್ತಾರೆ.

ಅದು ೨೦೦೩ರ ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ. ದಕ್ಷಿಣ ಲಂಡನ್ನಿನ ಕ್ರೋಯ್ಡನ್ನಿನಲ್ಲಿರುವ ಆ ಮನೆ ಕಾಮಾಕ್ಷಮ್ಮನವರದು. ನಾನು ರುದ್ರೇಶ, ಮೇಲಿನ ಕೋಣೆಯ ಬಾಡಿಗೆದಾರ, ವಿಜಯಪುರದ ಕಡೆಯವನು, ಟ್ರಾಮ್ ಓಡಿಸುವುದು ನನ್ನ ಕೆಲಸ. ಕಾಮಾಕ್ಷಮ್ಮ ಮೈಸೂರಿನವರು. ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ತಟ್ಟೆಗಳ ಮೇಲೆ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಯಾವ ರೋಗ ಎಲ್ಲಿಂದ ಬಂತೆಂದು ಹೇಳುತ್ತಿದ್ದವರು. ನಿವೃತ್ತಿಯಾದ ಮೇಲೆ ಅದೇ ಬುದ್ಧಿಯನ್ನು ಮನುಷ್ಯರ ಮೇಲೆ ಪ್ರಯೋಗಿಸತೊಡಗಿದರು. ಲಂಡನ್ನಿನ ಕನ್ನಡದವರ ಮನೆಗಳಲ್ಲಿ ಬಳೆ ಕಳೆದರೆ, ಸೊಸೆ ಮುನಿಸಿಕೊಂಡರೆ, ಯಾರೋ ಯಾರ ಮೇಲೋ ಅನಾಮಧೇಯ ದೂರು ಕೊಟ್ಟರೆ ಪೊಲೀಸರಿಗಿಂತ ಮೊದಲು ನಮ್ಮ ಫೋನು ಹೊಡೆದುಕೊಳ್ಳುತ್ತಿತ್ತು.

"ಮೊದಲು ಕೂತ್ಕೊಳ್ಳಪ್ಪ. ಕೈಯಲ್ಲೇನು ಡಬ್ಬಿ?" ಎಂದರು ಕಾಮಾಕ್ಷಮ್ಮ.

"ಅವ್ವ ಕಳಿಸ್ಯಾಳ್ರೀ. ಇಡ್ಲಿ. ಅಣ್ಣನ ಮಗಳು ವಿಭಾ ಮುಂಜಾನೆ ಬಸ್ಸಿನಾಗ ತಂದು ಕೊಟ್ಟು ಹೋದಳು. ನನಗ ಗಂಟಲೊಳಗ ಇಳೀವಲ್ಲವು."

ಇಳಿಸುವ ಹೊಣೆಯನ್ನು ನಾನು ವಹಿಸಿಕೊಂಡೆ. ಅನ್ನವನ್ನು ಹಾಳುಮಾಡಬಾರದೆಂಬ ಸಂಸ್ಕಾರ ನನ್ನದು. ಹತ್ತಿಯಷ್ಟು ಮೃದು, ಒಳಗೆಲ್ಲ ಸಣ್ಣ ಸಣ್ಣ ತೂತು, ನಾಲಿಗೆಯ ತುದಿಗೆ ತಾಕುವಷ್ಟೇ ಹುಳಿ. ನಾಲ್ಕು ತಿಂದೆ. ಈ ದೇಶದಲ್ಲಿ ಅಕ್ಟೋಬರ್ ಕಾಲಿಟ್ಟಿತೆಂದರೆ ಕಾಮಾಕ್ಷಮ್ಮನಂಥ ಕಾಮಾಕ್ಷಮ್ಮನಿಗೂ ಇಡ್ಲಿ ಕೈಕೊಡುತ್ತದೆ. ಹಿಂದಿನ ವಾರ ಅವರು ಬೇಯಿಸಿದ್ದನ್ನು ಬಾಯಿಮುಚ್ಚಿಕೊಂಡು ತಿಂದಿದ್ದ ನನಗೆ ಇದು ಹಬ್ಬವೇ ಆಯಿತು.

ಅಷ್ಟರಲ್ಲಿ ಮುಕುಂದ ತನ್ನ ಗೋಳು ಬಿಚ್ಚಿದ್ದ. ಅವನು ಧಾರವಾಡದವನು. ಕ್ರೋಯ್ಡನ್ ಹೊರವಲಯದ ಒಂದು ಶೋರೂಮಿನಲ್ಲಿ ಕ್ಯಾರವಾನ್ ಮಾರುವ ಕೆಲಸ. ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ, ಮಂಚ, ಒಲೆ, ಫ್ರಿಜ್ ಎಲ್ಲ ಇರುವ ಗಾಲಿಮನೆ ಅದು. ಅಣ್ಣ ಶ್ರೀರಂಗ ಪಕ್ಕದ ಸಟನ್ನಿನಲ್ಲಿ ಮೂಳೆ ಡಾಕ್ಟರ್. ತಾಯಿ ವೈದೇಹಿ ಬೇಸಿಗೆಯಿಂದ ಅಣ್ಣನ ಮನೆಯಲ್ಲೇ ಇದ್ದರು. ಅವರಿಗೆ ಸ್ಕಾಟ್ಲೆಂಡ್ ತೋರಿಸಬೇಕೆಂದು, ಹೋಟೆಲಿನ ಊಟ ಅವರಿಗೆ ಒಗ್ಗುವುದಿಲ್ಲವೆಂದು, ಶ್ರೀರಂಗ ಆಗಸ್ಟ್ ಕೊನೆಯಲ್ಲಿ ತಮ್ಮನ ಕೈಯಿಂದಲೇ ಹೊಚ್ಚ ಹೊಸ ಕ್ಯಾರವಾನ್ ಕೊಂಡಿದ್ದರು.

"ಮೊದಲನೇ ಶನಿವಾರನ ಫ್ರಿಜ್‌ನಾಗಿನ ಹಾಲು ಒಡದು ಹೋತು. ಗಾಡಿ ಕಟ್ಟೋ ಕಂಪನಿಗೆ ಹೇಳಿ ಮಂಗಳವಾರ ಮೆಕ್ಯಾನಿಕ್ ಕರಸಿದೆ. ಅಂವ ಬಂದಾಗ ಒಳಗ ಬರ್ಫ ಕಟ್ಟಿತ್ರೀ! ಮತ್ತ ವಾರ ಕಳೀತು, ಮತ್ತ ಕೆಟ್ಟಿತು. ಮತ್ತ ಮೆಕ್ಯಾನಿಕ್ ಬಂದ, ಮತ್ತ ಛಲೋ ಇತ್ತು. ಮೂರನೇ ಸರ್ತೀನೂ ಅಂವ ಬಂದು ಹೋದಮ್ಯಾಲ ಕಂಪನಿಯವರು, ದೋಷ ಫ್ರಿಜ್‌ನಾಗಿಲ್ಲ, ಬಳಸೋರೊಳಗದ ಅಂದುಬಿಟ್ರು. ನಾ ಹೋಗಿ ಅದನ್ನ ಅಣ್ಣಗ ಹೇಳಿದೆ."

"ಹಾಗೇ ಹೇಳಿದೆಯಾ?"

"ಹಂಗ ಹೇಳಿದೆ. ಅಂವ ಉರಕೊಂಡು ಬಿದ್ದ. ಯಾರೋ ವಾಪಸ್ ಕೊಟ್ಟ ಗಾಡೀನ ಹೊಸಾದು ಅಂತ ಸ್ವಂತ ಅಣ್ಣಗ ಗಂಟುಹಾಕಿದಿ, ಕಳ್ಳ, ನನ್ನ ಮನಿ ಮೆಟ್ಟಲ ಹತ್ತಬ್ಯಾಡ ಅಂದ. ಪ್ರತಿ ಶನಿವಾರ ಅಲ್ಲೇ ನಾಷ್ಟಾ ಮಾಡಿ ಶೋರೂಮಿಗೆ ಹೋಗ್ತಿದ್ದೆ. ಈಗ ಅದೂ ನಿಂತದ. ಇವತ್ತು ಕೆಲಸಕ್ಕೂ ರಜಾ ಹಾಕಿ ಬಂದೀನಿ. ಸೋಮವಾರ ನಮ್ಮ ಸಾಹೇಬಗ ಫೋನ್ ಮಾಡಿ, ನಿಮ್ಮ ಮುಕುಂದ ಗೊತ್ತಿದ್ದೂ ಕೆಟ್ಟ ಮಾಲು ಮಾರ್ಯಾನ ಅಂತ ಹೇಳಿ, ಗಾಡಿ ವಾಪಸ್ ಮಾಡ್ತಾನಂತ. ಕೆಲಸ ಹೋದ್ರ ಇನ್ನೊಂದು ಹುಡಕತೀನ್ರಿ. ಅಣ್ಣ ಹೋದ್ರ ಎಲ್ಲಿ ಹುಡಕಲಿ?"

ನನಗೆ ಕೆಡುಕೆನಿಸಿತು, ಐದನೆಯ ಇಡ್ಲಿಯನ್ನು ಡಬ್ಬಿಗೇ ಹಾಕಿದೆ.

"ಕೆಟ್ಟದ್ದು ಯಾವಾಗಲೂ ಶನಿವಾರವೇನಾ?" ಕಾಮಾಕ್ಷಮ್ಮ ಕೇಳಿದರು.

"ಹೌದ್ರೀ. ಶನಿವಾರ ಮುಂಜಾನೆ ನೋಡಿದ್ರ ಬೆಚ್ಚಗ. ಭಾನುವಾರ ಸಂಜೀಕ ತಾನ ಸರಿ ಆಗ್ತದ."

"ಶನಿವಾರ ಒಪ್ಪತ್ತು ಮಾಡೋ ಫ್ರಿಜ್ ಇರಬೇಕು," ಎಂದೆ ನಾನು. ಯಾರೂ ನಗಲಿಲ್ಲ.

ಕಾಮಾಕ್ಷಮ್ಮ ನಾನು ಬಿಟ್ಟ ಇಡ್ಲಿಯನ್ನು ಎತ್ತಿಕೊಂಡು ಮುರಿದರು. ಬೆಳಕಿಗೆ ಹಿಡಿದು ಅದರ ತೂತುಗಳನ್ನು ಬಹಳ ಹೊತ್ತು ನೋಡಿದರು.

"ನಿಮ್ಮ ತಾಯಿ ಇದಕ್ಕೆ ಸೋಡಾ ಹಾಕ್ತಾರಾ?"

"ಸೋಡಾ? ನಾ ಹುಟ್ಟಿದಾಗಿಂದ ನೋಡಿಲ್ರೀ. ಸೋಡಾ ಹಾಕೋರ ಕಂಡ್ರ ಆಕಿಗೆ ಆಗಂಗಿಲ್ಲ."

"ಹೂಂ," ಎಂದು ಕಾಮಾಕ್ಷಮ್ಮ ಎದ್ದು ಕೋಟು ಹಾಕಿಕೊಂಡರು.

ಮುಕುಂದನ ಕಾರಿನಲ್ಲಿ ಸಟನ್ನಿಗೆ ಹೊರಟೆವು. ದಾರಿಯಲ್ಲಿ ಅವರು ಆ ಫ್ರಿಜ್ ಹೇಗೆ ಕೆಲಸ ಮಾಡುತ್ತದೆಂದು ಕೇಳಿದರು. ಮನೆಯ ಫ್ರಿಜ್‌ನಲ್ಲಿರುವ ಮೋಟಾರು ಇದರಲ್ಲಿಲ್ಲವೆಂದು ಮುಕುಂದ ವಿವರಿಸಿದ. ಇದರ ಹಿಂಭಾಗದಲ್ಲಿ ಒಂದು ಕೊಳವೆ. ಅದನ್ನು ಕಾಯಿಸಿದರೆ ಒಳಗಿನ ದ್ರವ ಆವಿಯಾಗಿ ಸುತ್ತುತ್ತಾ ಪೆಟ್ಟಿಗೆಯನ್ನು ತಣ್ಣಗಾಗಿಸುತ್ತದೆ. ಮನೆಯ ಮುಂದೆ ನಿಂತಿರುವಾಗ ಕರೆಂಟಿನಿಂದ ಕಾಯುತ್ತದೆ, ಕಾಡುಮೇಡಿನಲ್ಲಿ ಗ್ಯಾಸಿನ ಉರಿಯಿಂದ. ಹಿಂದೆ ಹುಟ್ಟಿದ ಬಿಸಿ ಹೊರಗೆ ಹೋಗಲೆಂದು ಕ್ಯಾರವಾನಿನ ಹೊರಗೋಡೆಗೆ ಕೆಳಗೊಂದು, ಮೇಲೊಂದು ಜಾಲರಿ ಇರುತ್ತದೆ. ಕೆಳಗಿನಿಂದ ತಂಪು ಗಾಳಿ ನುಗ್ಗುತ್ತದೆ, ಮೇಲಿನಿಂದ ಬಿಸಿಗಾಳಿ ಹೊರಡುತ್ತದೆ.

"ಅಂದ್ರೆ ಒಳಗೆ ತಣ್ಣಗಿರಬೇಕಾದ್ರೆ ಹಿಂದೆ ಬೆಚ್ಚಗಿರಬೇಕು," ಎಂದರು ಕಾಮಾಕ್ಷಮ್ಮ.

ನಾನಂತೂ ಆಗಲೇ ಅಪರಾಧಿಯನ್ನು ಹುಡುಕಿಬಿಟ್ಟಿದ್ದೆ. ಶ್ರೀರಂಗ ಡಾಕ್ಟರ ಹೆಂಡತಿ ಶ್ರೀಲತಾಗೆ ಕ್ಯಾರವಾನ್ ಕೊಳ್ಳುವುದು ಕಿಂಚಿತ್ತೂ ಇಷ್ಟವಿರಲಿಲ್ಲ, ಅಡುಗೆಮನೆ ದೊಡ್ಡದು ಮಾಡಿಸೋಣ ಎಂದು ಹಟ ಹಿಡಿದಿದ್ದರೆಂದು ಮುಕುಂದನೇ ಹೇಳಿದ್ದ. ಮಾತನ್ನು ಕಾಮಾಕ್ಷಮ್ಮನ ಕಿವಿಗೆ ಹಾಕಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು.

ಮುಕುಂದ ಬೀದಿಯ ತಿರುವಿನಲ್ಲೇ ಕಾರು ನಿಲ್ಲಿಸಿ ಒಳಗೇ ಉಳಿದ. ನಾವಿಬ್ಬರು ನಡೆದು ಹೋದೆವು. ಮನೆಯ ಮುಂದಿನ ಜಾಗವನ್ನೆಲ್ಲ ಆ ಬಿಳಿಯ ಕ್ಯಾರವಾನೇ ನುಂಗಿತ್ತು. ಅಡುಗೆಮನೆಯ ಕಿಟಕಿಯಿಂದ ಕಿತ್ತಳೆ ಬಣ್ಣದ ವೈರು ಹೊರಟು ಅದಕ್ಕೆ ಸೇರಿತ್ತು. ಶ್ರೀರಂಗ ಡಾಕ್ಟರು ಎರಡು ಸ್ವೆಟರ್ ಹಾಕಿಕೊಂಡು ಬಾಗಿಲಿಗೆ ಬಂದರು. ನವೆಂಬರಿಗೆ ಮುಂಚೆ ಹೀಟಿಂಗ್ ಹಾಕಬಾರದೆಂಬುದು ಆ ಮನೆಯ ಕಾನೂನಂತೆ. ನಾವು ಯಾರ ಕಡೆಯಿಂದ ಬಂದವರೆಂದು ತಿಳಿದು ಮುಖ ಗಂಟಿಕ್ಕಿದರೂ, ಕ್ಯಾರವಾನಿನ ಹುಳುಕು ತೋರಿಸುವ ಅವಕಾಶ ಸಿಕ್ಕಿದ್ದೇ ಮುಖ ಅರಳಿತು. ಕಷ್ಟ ಹೇಳಿಕೊಳ್ಳಲು ಕಿವಿ ಸಿಕ್ಕರೆ ಯಾರಿಗೆ ಖುಷಿಯಾಗುವುದಿಲ್ಲ?

"ನೋಡ್ರಿ, ಈ ಬಾಗಲಾ ಸೊಂಟದ್ಲೇ ನೂಕಬೇಕು. ಪರದೆ ಸರಳು ಮೊದಲನೇ ವಾರನ ಕೈಗೆ ಬಂತು. ಈ ಕಪಾಟು ಮುಚ್ಚಿದ್ರ ಆ ಕಪಾಟು ತಗೀತದ. ಹೊಸಾದಂತ ಇದು! ಇನ್ನ ಫ್ರಿಜ್ ನೋಡ್ರಿ."

ಐಸಿನ ತಟ್ಟೆಯಲ್ಲಿ ಬರೀ ನೀರು. ಬೆಣ್ಣೆ ಮೆತ್ತಗಾಗಿತ್ತು. ಕಾಮಾಕ್ಷಮ್ಮ ಒಳಗೆ ಕೈಯಿಟ್ಟು ನೋಡಿ, ಹೊರಗೆ ಬಂದು ಕ್ಯಾರವಾನಿನ ಹಿಂಬದಿಗೆ ಸುತ್ತಿ ಹೋದರು. ಬೇಲಿಗೂ ಗೋಡೆಗೂ ನಡುವೆ ಒಬ್ಬರು ನಡೆಯುವಷ್ಟು ಸಂದು. ಅಲ್ಲಿ ಮುಕುಂದ ಹೇಳಿದ ಎರಡು ಜಾಲರಿಗಳಿದ್ದವು. ಕೆಳಗಿನದರ ಅಡಿಯಲ್ಲಿ ಬಿಳಿಯದೇನೋ ಇಳಿದು ಒಣಗಿ ಗಟ್ಟಿಯಾಗಿತ್ತು.

"ಇದನ್ನೂ ನೋಡ್ರಿ. ಸಂದಿಗೆ ಮೆತ್ತಿದ ಅಂಟು ಹೊರಗ ಸೋರ್ಯದ. ಮೆಕ್ಯಾನಿಕ್ ಬಂದಾಗ ತೋರಸಿದೆ, ನಕ್ಕು ಹೋದ. ಇದು ಕಟ್ಟೋ ರೀತಿ ಏನ್ರಿ?" ಎಂದರು ಡಾಕ್ಟರು.

ಕಾಮಾಕ್ಷಮ್ಮ ಉಗುರಿನಿಂದ ಅದನ್ನು ಕೆರೆದರು. ಪುಡಿಯಾಗಿ ಉದುರಿತು. ಉಗುರನ್ನು ಮೂಗಿಗೆ ಹಿಡಿದರು. ಆಮೇಲೆ ಜಾಲರಿಯನ್ನು ಒಂದು ಬೆರಳಿನಿಂದ ತಳ್ಳಿದರೆ ಅದು ಸಲೀಸಾಗಿ ಕೈಗೆ ಬಂತು. ಹಿಡಿದಿಡುವ ಚಿಲಕ ಮುರಿದಿತ್ತು. ಒಳಗೆ ಬಗ್ಗಿ ನೋಡಿದೆ. ಫ್ರಿಜ್ಜಿನ ಬೆನ್ನಿಗೂ ಹೊರಗೋಡೆಗೂ ಮಧ್ಯೆ ಒಂದು ದೊಡ್ಡ ಕೊಡ ಹಿಡಿಸುವಷ್ಟು ಜಾಗ. ತಳದಲ್ಲಿ ಧೂಳು, ಧೂಳಿನ ನಡುವೆ ಒರೆಸಿದಂತೆ ಒಂದು ದುಂಡನೆಯ ಚೊಕ್ಕ ಜಾಗ.

"ಇಷ್ಟು ಜಾಗ ಬೇಕಾ ಇಲ್ಲಿ?" ಎಂದರು ಕಾಮಾಕ್ಷಮ್ಮ.

"ಯಾರಿಗೆ ಗೊತ್ರಿ? ಇವರು ಕಟ್ಟಿದ್ದೇ ಹಂಗ," ಎಂದರು ಡಾಕ್ಟರು. ಕಾಮಾಕ್ಷಮ್ಮ ಜಾಲರಿಯನ್ನು ಮತ್ತೆ ಸಿಕ್ಕಿಸಿ, ಕಾಫಿ ಸಿಗಬಹುದೇ ಎಂದು ಕೇಳಿದರು.

ಒಳಗೆ ಶ್ರೀಲತಾ ಕಾಫಿ ಕೊಟ್ಟರು. ಅವರೂ ಮೈಸೂರಿನವರೇ ಆದ್ದರಿಂದ ಇಬ್ಬರೂ ಐದು ನಿಮಿಷ ಒಂಟಿಕೊಪ್ಪಲಿನ ಬೀದಿಗಳನ್ನೆಲ್ಲ ಸುತ್ತಿ ಬಂದರು. ಊಟ ಮಾಡಿಕೊಂಡೇ ಹೋಗಬೇಕೆಂದು ಶ್ರೀಲತಾ ಒತ್ತಾಯಿಸಿದರು. "ಆದ್ರೆ ಮೊಸರು ಮಾತ್ರ ಅಂಗಡೀದು ಕಾಮಾಕ್ಷಮ್ಮ. ಆಗಸ್ಟ್‌ನಲ್ಲಿ ಹೊಸ ಬಾಯ್ಲರ್ ಹಾಕಿಸಿದ್ವಿ. ಹಳೇ ಬಿಸಿನೀರಿನ ಟ್ಯಾಂಕ್ ತೆಗೆದುಬಿಟ್ರು. ಆ ಟ್ಯಾಂಕ್ ಇದ್ದ ಕಪಾಟಿನಲ್ಲಿ ಒದ್ದೆ ಬಟ್ಟೆ ಒಣಗ್ತಿತ್ತು, ಮೊಸರು ಹೆಪ್ಪಾಗ್ತಿತ್ತು. ಈಗ ಅದು ಬರೀ ತಣ್ಣನೆ ಕಪಾಟು. ಹಾಲಿಗೆ ಹೆಪ್ಪು ಹಾಕಿದ್ರೆ ಮಾರನೇ ದಿನಾನೂ ಹಾಲೇ."

"ಇಡ್ಲಿ ಹಿಟ್ಟು?"

"ಅದು ಅತ್ತೆ ಡಿಪಾರ್ಟ್‌ಮೆಂಟು. ನಾನು ಶನಿವಾರ ಬೆಳಗ್ಗೆ ಫಾರ್ಮಸಿ ಡ್ಯೂಟಿಗೆ ಓಡ್ತೀನಿ. ಬರೋಷ್ಟರಲ್ಲಿ ಇಡ್ಲಿ ಆಗಿರತ್ತೆ. ತಮ್ಮ ರೂಮಲ್ಲೇ ಎಲ್ಲೋ ಇಟ್ಕೊಳ್ತಾರೆ ಅನ್ಸತ್ತೆ."

ಹದಿನಾರರ ವಿಭಾ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಬೆರಳಾಡಿಸುತ್ತಿದ್ದಳು. ನಾನು ನನ್ನ ಎರಡನೆಯ ಅನುಮಾನವನ್ನು ಅವಳ ಮೇಲೆ ಹೊರಿಸಿದ್ದೆ. ಅಪ್ಪ ಅಮ್ಮನ ಜೊತೆ ಗಾಲಿಮನೆಯಲ್ಲಿ ಸ್ಕಾಟ್ಲೆಂಡ್! ಯಾವ ಹುಡುಗಿಗೆ ಬೇಕು? ಶುಕ್ರವಾರ ಸಂಜೆ ಶಾಲೆಯಿಂದ ಬಂದವಳು ಗೆಳತಿಯರ ಜೊತೆ ಹರಟಲು ಕ್ಯಾರವಾನಿಗೇ ಹೋಗಿ ಕೂರುತ್ತಾಳೆಂದು ತಾಯಿಯೇ ಹೇಳಿದ್ದರು. ಸ್ವಿಚ್ ಅಲ್ಲೇ ಕೈಗೆ ಸಿಗುತ್ತದೆ.

"ಫ್ರಿಜ್ ಆಫ್ ಮಾಡ್ತಿದ್ದೀ ಏನವ್ವಾ?" ಎಂದು ನೇರವಾಗಿ ಕೇಳಿಯೇಬಿಟ್ಟೆ.

"ಐ ನೆವರ್ ಟಚ್ಡ್ ಇಟ್, ಅಂಕಲ್. ಮೈ ಐಸ್‌ಕ್ರೀಮ್ ವಾಸ್ ಇನ್ ದೇರ್!" ಎಂದಳು. ಕಣ್ಣಿನಲ್ಲಿ ನಿಜವಾದ ಸಂಕಟವಿತ್ತು. ಐಸ್‌ಕ್ರೀಮ್ ಕಳೆದುಕೊಂಡವರ ಸಂಕಟ ನನಗೆ ಅರ್ಥವಾಗುತ್ತದೆ. ಅನುಮಾನ ಹಿಂತೆಗೆದುಕೊಂಡೆ.

ವೈದೇಹಿಯವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಸಣ್ಣ ಆಳು, ಮೈತುಂಬ ಕಂದು ಬಣ್ಣದ ಉಣ್ಣೆ ಶಾಲು, ಶಾಲಿನ ಅಂಚಿನಲ್ಲಿ ಅಲ್ಲಲ್ಲಿ ಬಿಳಿ ಕಲೆ. ಅವರ ಕಣ್ಣು ಪದೇ ಪದೇ ಬೀದಿಯ ಕಡೆ ಹೋಗುತ್ತಿತ್ತು. ಕಾಮಾಕ್ಷಮ್ಮ ಅವರನ್ನೇ ನೋಡಿ, ಲೋಟ ಕೆಳಗಿಟ್ಟರು.

"ಡಾಕ್ಟ್ರೇ, ಎಲ್ಲರೂ ಕ್ಯಾರವಾನ್‌ನಲ್ಲಿ ಕೂರೋಣ. ರುದ್ರೇಶ, ಮುಕುಂದನ್ನ ಕರ್ಕೊಂಡು ಬಾ."

"ಅಂವ ಇಲ್ಲಿ ಕಾಲಿಡೂದು ಬ್ಯಾಡ," ಎಂದರು ಶ್ರೀರಂಗ.

"ಅವನು ಮನೆ ಮೆಟ್ಟಿಲು ಹತ್ತಬಾರದು ಅಂದಿದ್ದೀರಂತೆ. ಕ್ಯಾರವಾನ್ ಮೆಟ್ಟಿಲಿಗೆ ಆ ಮಾತು ಹತ್ತಲ್ಲ. ಸೋಮವಾರ ನಿಮ್ಮಿಷ್ಟ ಬಂದ ಹಾಗೆ ಮಾಡಿ. ಇವತ್ತು ನನ್ನ ಮಾತು ಕೇಳಿ."

ಕಾಮಾಕ್ಷಮ್ಮ ಆ ದನಿಯಲ್ಲಿ ಮಾತಾಡಿದರೆ ದೊಡ್ಡ ದೊಡ್ಡ ಡಾಕ್ಟರುಗಳೂ ಸುಮ್ಮನಾಗುವುದನ್ನು ನಾನು ಹಿಂದೆಯೂ ನೋಡಿದ್ದೆ. ಹೋಗಿ ಮುಕುಂದನನ್ನು ಎಳೆದುಕೊಂಡೇ ಬಂದೆ. ಮುಂಭಾಗದ ಸೋಫಾಗಳ ಮೇಲೆ ಏಳು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಅಣ್ಣತಮ್ಮಂದಿರು ಎರಡು ತುದಿಯಲ್ಲಿ, ಮುಖ ಬೇರೆ ಬೇರೆ ಕಿಟಕಿಗೆ. ವೈದೇಹಿಯವರು ನಡುವೆ. ಕಿರಿಯ ಮಗನನ್ನು ಕಂಡು ಅವರ ಕಣ್ಣು ತುಂಬಿತ್ತು, ಆದರೆ ಹಿರಿಯ ಮಗನ ಎದುರು ಮಾತಾಡಿಸುವ ಧೈರ್ಯವಾಗಿರಲಿಲ್ಲ. ನನಗೆ ಅದನ್ನು ನೋಡಲಾಗಲಿಲ್ಲ.

"ಈ ಮನೆಯಲ್ಲಿ ಎಲ್ಲರೂ ಎಲ್ಲರನ್ನೂ ಕೇಳಿದೀರಿ," ಕಾಮಾಕ್ಷಮ್ಮ ಶುರುಮಾಡಿದರು. "ಡಾಕ್ಟ್ರು ಮುಕುಂದನ್ನ ಕೇಳಿದ್ರು, ಮುಕುಂದ ಕಂಪನೀನ ಕೇಳ್ದ, ಕಂಪನಿ ಡಾಕ್ಟ್ರನ್ನ ಕೇಳ್ತು, ನಮ್ಮ ರುದ್ರೇಶ ಪಾಪ ಆ ಮಗೂನೂ ಕೇಳ್ದ. ಒಬ್ಬರನ್ನ ಮಾತ್ರ ಯಾರೂ ಏನೂ ಕೇಳಲಿಲ್ಲ. ವೈದೇಹಮ್ಮ, ಇವತ್ತಿನ ಇಡ್ಲಿ ತುಂಬಾ ಚೆನ್ನಾಗಿತ್ತು. ಇಷ್ಟು ಚಳೀಲಿ ಹಿಟ್ಟು ಎಲ್ಲಿಟ್ಟು ಉಬ್ಬಿಸ್ತೀರಿ?"

ಹೊಗಳಿಕೆ ಕೇಳಿ ವೈದೇಹಿಯವರ ಮುಖ ಬೆಳಗಿತು.

"ಅಯ್ಯ, ಇಲ್ಲೇ ಅಲ್ಲೇನ್ರೀ! ಈ ಗಾಡಿ ಹಿಂದ ಒಂದು ಬೆಚ್ಚನ ಕಪಾಟು ಇಟ್ಟಾರಲ್ಲ, ಅದರೊಳಗ. ಮೊದಲ ಮನಿಯೊಳಗಿನ ಕಪಾಟಿನಾಗ ಇಡ್ತಿದ್ದೆ, ಅದು ಥಂಡಾ ಆತು. ಒಂದಿನಾ ಹೂ ಹರೀಲಿಕ್ಕೆ ಹಿಂದ ಹೋದಾಗ ಮ್ಯಾಲಿಂದ ಕೈಗೆ ಬೆಚ್ಚಗ ಗಾಳಿ ಬಂತು. ಕೆಳಗ ಮುಟ್ಟಿದೆ, ಬಾಗಲಾ ತಗದ ಬಂತು. ಈ ದೇಶದಾಗ ಮನಿಗೊಂದು ಬೆಚ್ಚನ ಕಪಾಟು ಇಟ್ಟಿರ್ತಾರಲ್ಲ, ಗಾಡಿಮನಿಗೂ ಇಟ್ಟಾರ, ಭಾಳ ಶಾಣ್ಯಾ ಮಂದಿ ಅಂದಕೊಂಡೆ. ಶುಕ್ರವಾರ ಸಂಜೀಕ ಹಿಟ್ಟಿನ ಡಬ್ಬಿಗೆ ಈ ಶಾಲು ಸುತ್ತಿ ಒಳಗಿಟ್ಟು ಬಿಡ್ತೀನಿ. ಮುಂಜಾನೆ ನೋಡಿದ್ರ ಮುಚ್ಚಳ ಎತ್ತಿರ್ತದ, ನೋಡ್ರಿ!"

ಮುಕುಂದ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಶ್ರೀಲತಾ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನನಗೋ, ಸಾಕ್ಷ್ಯದ ಮುಕ್ಕಾಲು ಭಾಗವನ್ನು ನಾನೇ ತಿಂದು ಮುಗಿಸಿದ್ದೆನೆಂದು ಆಗ ಹೊಳೆಯಿತು.

"ಯಾಕ? ಏನಾತು?" ವೈದೇಹಿಯವರು ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಹೇಳ್ತೀನಿ ಅಮ್ಮ," ಎಂದರು ಕಾಮಾಕ್ಷಮ್ಮ, ಅವರ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು. "ಮುಕುಂದ ಡಬ್ಬಿ ತಂದಾಗಲೇ ನನಗೆ ಇಡ್ಲಿ ಮೇಲೆ ಕಣ್ಣು ಬಿತ್ತು. ಸೋಡಾ ಇಲ್ಲದೆ ಅಷ್ಟು ತೂತು ಬೀಳಬೇಕಾದ್ರೆ ಹಿಟ್ಟಿಗೆ ರಾತ್ರಿಯಿಡೀ ನಮ್ಮೂರ ಬೇಸಿಗೆಯಷ್ಟು ಶಾಖ ಬೇಕು. ನಾನು ಜನ್ಮವೆಲ್ಲ ಲ್ಯಾಬಿನಲ್ಲಿ ಮಾಡಿದ್ದೇ ಅದು, ಸೂಕ್ಷ್ಮಜೀವಿಗಳಿಗೆ ಬೆಚ್ಚನೆ ಜಾಗ ಮಾಡಿಕೊಡೋದು. ನನ್ನ ಮನೇಲೇ ಈ ತಿಂಗಳು ಹಿಟ್ಟು ಏಳ್ತಾ ಇಲ್ಲ. ಇಲ್ಲಿಗೆ ಬಂದೆ. ಹೀಟಿಂಗ್ ಇಲ್ಲ. ಬಾಯ್ಲರ್ ಬದಲಾಗಿ ಕಪಾಟು ತಣ್ಣಗಾಗಿದೆ, ಮೊಸರೂ ಹೆಪ್ಪಾಗ್ತಿಲ್ಲ. ಹಾಗಾದ್ರೆ ಇಡ್ಲಿ ಹಿಟ್ಟಿಗೆ ಮಾತ್ರ ಶಾಖ ಎಲ್ಲಿಂದ? ಈ ಮನೆ ಹತ್ತಿರ ರಾತ್ರಿಯೆಲ್ಲ ಬಿಸಿಯಾಗಿರೋ ಜಾಗ ಒಂದೇ ಒಂದು, ಈ ಫ್ರಿಜ್ಜಿನ ಬೆನ್ನು."

"ಆ ಬಿಳೀ ಅಂಟು?" ಎಂದರು ಡಾಕ್ಟರು ನಿಧಾನವಾಗಿ.

"ಅಂಟಾಗಿದ್ರೆ ರಬ್ಬರಿನ ಹಾಗೆ ಎಳ್ಕೊಂಡು ಬರಬೇಕಿತ್ತು. ಪುಡಿಯಾಯ್ತು. ಹುಳಿ ವಾಸನೆ ಇತ್ತು. ಉಕ್ಕಿ ಸೋರಿ ಒಣಗಿದ ಹಿಟ್ಟು ಅದು, ಇದೇ ಕಲೆ ಅಮ್ಮನ ಶಾಲಿನ ಅಂಚಿನಲ್ಲೂ ಇದೆ. ಒಳಗೆ ಧೂಳಿನಲ್ಲಿ ಡಬ್ಬಿ ತಳದ ಗುರುತು ದುಂಡಗೆ ಬಿದ್ದಿದೆ. ಕೆಳಗಿನ ಜಾಲರಿ ಒಳಗೆ ಶಾಲು ಸುತ್ತಿದ ಡಬ್ಬಿ ಕೂತ್ರೆ ತಂಪುಗಾಳಿ ನುಗ್ಗೋದೆಲ್ಲಿಂದ? ಬಿಸಿ ಹಿಂದೆಯೇ ನಿಂತುಬಿಡತ್ತೆ. ಹಿಟ್ಟು ಉಬ್ಬತ್ತೆ, ಫ್ರಿಜ್ ಸೋಲತ್ತೆ. ಬೆಳಗ್ಗೆ ಡಬ್ಬಿ ಹೊರಗೆ ಬಂದ ಮೇಲೆ ನಿಧಾನವಾಗಿ ಚೇತರಿಸ್ಕೊಳ್ಳತ್ತೆ. ಕಂಪನಿ ಮೆಕ್ಯಾನಿಕ್ ವಾರದ ದಿನಗಳಲ್ಲಿ ಬರ್ತಾನೆ. ಇಡ್ಲಿ ಆಗೋದು ಶನಿವಾರ. ಇಬ್ಬರೂ ಒಬ್ಬರನ್ನೊಬ್ಬರು ನೋಡಲೇ ಇಲ್ಲ."

"ಅಂದ್ರ ನಾ ಹೇಳಿದ್ದೂ ಖರೆ, ಕಂಪನಿ ಹೇಳಿದ್ದೂ ಖರೆ," ಎಂದರು ಶ್ರೀರಂಗ.

"ಕಂಪನಿ ಹೇಳಿದ್ದು ಅರ್ಧ ಖರೆ. ಅಲ್ಲಿ ಅಷ್ಟು ಖಾಲಿ ಜಾಗ ಬಿಡಬಾರದು. ಬಿಸಿ ಮೇಲಕ್ಕೆ ಹೋಗೋ ಹಾಗೆ ತಗಡು ಅಡ್ಡ ಇರಬೇಕಿತ್ತು, ಚಿಲಕ ಗಟ್ಟಿ ಇರಬೇಕಿತ್ತು. ನೆಟ್ಟಗೆ ಕಟ್ಟಿದ ಗಾಡಿಯಾಗಿದ್ರೆ ಅಮ್ಮನಿಗೆ ಜಾಲರಿ ತೆಗೆಯೋಕೂ ಆಗ್ತಿರಲಿಲ್ಲ, ಡಬ್ಬಿ ಹಿಡಿಸ್ತಾನೂ ಇರಲಿಲ್ಲ. ಮೂರು ಸಲ ಬಂದ ಮೆಕ್ಯಾನಿಕ್ ಒಂದು ಸಲವಾದ್ರೂ ಹಿಂದೆ ಹೋಗಿ ಅದನ್ನ ಮುಟ್ಟಿ ನೋಡಲಿಲ್ಲ. ಇನ್ನೊಂದು ಮಾತು ಡಾಕ್ಟ್ರೇ. ಇಲ್ಲಿ ಕರೆಂಟಿನಲ್ಲಿತ್ತು, ಬಚಾವು. ಸ್ಕಾಟ್ಲೆಂಡಿಗೆ ಹೋದಾಗ ಗ್ಯಾಸ್ ಹಾಕ್ತಿದ್ರಿ. ಅಲ್ಲಿ ಉರಿ ಇರತ್ತೆ. ಉಣ್ಣೆ ಶಾಲು. ನೀವೆಲ್ಲ ಒಳಗೆ ಮಲಗಿರ್ತಿದ್ರಿ."

ಡಾಕ್ಟರು ಮಗಳ ಕಡೆ ನೋಡಿದರು, ತಾಯಿಯ ಕಡೆ ನೋಡಿದರು.

ವೈದೇಹಿಯವರಿಗೆ ಈಗ ಎಲ್ಲ ಅರ್ಥವಾಗಿತ್ತು. "ನೀವು ಇಬ್ಬರೂ ಇಂಗ್ಲೀಷಿನಾಗ ಜಗಳಾ ಆಡ್ತಿದ್ರಿ. ನನಗ ಗಾಡಿ ಮಾತು ಅಂತ ಇಷ್ಟ ತಿಳೀತಿತ್ತು. ಮುಕುಂದ ಬರೂದು ಬಿಟ್ಟ ಮ್ಯಾಲೂ ನಾ ಹಿಟ್ಟು ರುಬ್ಬೂದು ಬಿಡಲಿಲ್ಲ. ಒಂದಿಲ್ಲ ಒಂದು ಶನಿವಾರ ವಾಸನಿಗೆ ಬರ್ತಾನ, ಇಬ್ಬರೂ ಕೂಡಿ ಕೂತು ತಿಂತಾರ ಅಂತ ಇಡತಿದ್ದೆ. ಅದನ್ನ ಇಟ್ಟಿದ್ದಕ್ಕ ನೀವು ಅಗಲಿದ್ರಿ." ಅವರು ಹಿರಿಯ ಮಗನ ಕಡೆ ತಿರುಗಿದರು. "ಹಂಗಾದ್ರ ರಂಗಾ, ಸೋಮವಾರ ವಾಪಸ್ ಕಳಸೂದು ಗಾಡೀನೋ, ನನ್ನೋ?"

ನಾನು ಕಣ್ಣು ಒರೆಸಿಕೊಂಡೆ. ಕಾಮಾಕ್ಷಮ್ಮ ನೋಡಿಯೂ ನೋಡದಂತಿದ್ದರು.

ಶ್ರೀರಂಗ ಆ ಇಕ್ಕಟ್ಟಿನಲ್ಲಿ ಎದ್ದು, ಕಾಲುಗಳನ್ನು ದಾಟಿ, ತಾಯಿಯ ಮುಂದೆ ನೆಲದ ಮೇಲೇ ಕೂತುಬಿಟ್ಟರು. "ಯಾರನ್ನೂ ಕಳಸಂಗಿಲ್ಲವ್ವಾ. ನಿನ್ನ ತಪ್ಪು ಏನೂ ಇಲ್ಲ. ತಪ್ಪು ನಂದು." ಆಮೇಲೆ ಕುಳಿತಲ್ಲಿಂದಲೇ ತಮ್ಮನ ಕಡೆ ಮುಖ ಮಾಡಿದರು. ಆಸ್ಪತ್ರೆಯಲ್ಲಿ ಹತ್ತು ಜನಕ್ಕೆ ಆಜ್ಞೆ ಮಾಡುವ ಮನುಷ್ಯನಿಗೆ ಆ ಮಾತು ಹೊರಡಲು ಬಹಳ ಕಷ್ಟವಾಯಿತು. "ಮುಕುಂದಾ, ನಿನಗ ಆಡಬಾರದ ಮಾತು ಆಡಿದೆ. ತಪ್ಪಾತು."

"ನಾನೂ ಏನು ಕಡಿಮಿ ಇಲ್ಲಣ್ಣಾ," ಎಂದ ಮುಕುಂದ. "ಕಂಪನಿ ಮಾತು ನಂಬಿದೆ, ನೀ 'ಕೆಟ್ಟದ' ಅಂದ್ರ ನಂಬಲಿಲ್ಲ. ಶನಿವಾರ ನಾಷ್ಟಾಕ್ಕ ಬಂದಾಗ ಒಮ್ಮೆರೆ ಗಾಡಿ ಹಿಂದ ಹೋಗಿ ಕಣ್ಣಿಲೆ ನೋಡಿದ್ರ ಇಷ್ಟೆಲ್ಲಾ ಆಗ್ತಿರಲಿಲ್ಲ."

"ಸೋ ಇಟ್ ವಾಸ್ ಅಜ್ಜಿ ಆಲ್ ಅಲಾಂಗ್?" ಎಂದಳು ವಿಭಾ. ಮೊದಲು ಶ್ರೀಲತಾ ನಕ್ಕರು, ಆಮೇಲೆ ಮುಕುಂದ. ಕೊನೆಗೆ ವೈದೇಹಿಯವರೂ ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಆ ದಿನ ಆ ಮನೆಯ ಮೆಟ್ಟಿಲನ್ನು ಎಲ್ಲರೂ ಒಟ್ಟಿಗೇ ಹತ್ತಿದೆವು.

ಸೋಮವಾರ ನನಗೆ ಮಧ್ಯಾಹ್ನದ ಪಾಳಿ. ಕಂಪನಿಗೆ ಹೇಳಬೇಕಾದ ವಿಷಯದಲ್ಲಿ ಏನೂ ಬಿಟ್ಟುಹೋಗಬಾರದೆಂದು ಶ್ರೀರಂಗ ಡಾಕ್ಟರು ಕಾಮಾಕ್ಷಮ್ಮನನ್ನು ಬೆಳಗ್ಗೆಯೇ ಕರೆಸಿಕೊಂಡಿದ್ದರಿಂದ ನಾನೂ ಜೊತೆಗೆ ಹೋದೆ. ಶೋರೂಮಿನ ಸಾಹೇಬರಿಗೆ ಫೋನು ಆಗಲೇ ಆಗಿತ್ತು. ನಿಮ್ಮ ಮುಕುಂದನಷ್ಟು ಪ್ರಾಮಾಣಿಕ ಮನುಷ್ಯ ನಿಮಗೆ ಸಿಗಲಾರ, ದೋಷವನ್ನು ಹುಡುಕಿಸಿದವನೇ ಅವನು ಎಂದು ಡಾಕ್ಟರು ಹೇಳಿದ್ದರಂತೆ. ಸಾಹೇಬರು ಖುಷಿಯಾಗಿ ಕಂಪನಿಯ ಮೇಲಧಿಕಾರಿಯ ನಂಬರನ್ನೇ ಕೊಟ್ಟಿದ್ದರು.

ನಾವು ಹೋದಾಗ ಅಣ್ಣತಮ್ಮಂದಿರು ಹಜಾರದ ಮೆಟ್ಟಿಲ ಮೇಲೆ ಒತ್ತಿಕೊಂಡು ಕೂತಿದ್ದರು. ಫೋನಿನ ವೈರು ಅಷ್ಟೇ ದೂರ ಬರುತ್ತಿತ್ತು. ಒಂದೇ ರಿಸೀವರಿಗೆ ಇಬ್ಬರ ಕಿವಿ. ಆ ಕಡೆಯಿಂದ ಯಾವುದೋ ಪಿಟೀಲಿನ ಸಂಗೀತ, ನಡುನಡುವೆ ಒಬ್ಬ ಹೆಂಗಸು, ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಹೇಳುತ್ತಿದ್ದಳು. ತಗಡಿನ ಅಡ್ಡಪಟ್ಟಿಯನ್ನು ಹೇಗೆ ಕೇಳಬೇಕು, ಚಿಲಕದ ಮಾತು ಮೊದಲೋ ಆಮೇಲೋ ಎಂದು ಇಬ್ಬರೂ ಪಿಸುಗುಟ್ಟುತ್ತಿದ್ದರು. ಮಾತು ಯಾವಾಗಲೋ ಧಾರವಾಡದ ಶಾಲೆಯ ಒಬ್ಬ ಮೇಷ್ಟರ ಕಡೆ ಹೊರಳಿತು. ಮುಕುಂದ ಆ ಮೇಷ್ಟರ ಕೆಮ್ಮನ್ನು ಅನುಕರಿಸಿದ. ಶ್ರೀರಂಗ ನಕ್ಕು ನಕ್ಕು ರಿಸೀವರ್ ಕೈಜಾರಿಸಿ, ಮತ್ತೆ ಹಿಡಿದು ತಮ್ಮನ ಕಿವಿಗೆ ಒತ್ತಿದರು.

ವೈದೇಹಿಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು.

"ಎಷ್ಟು ಹೊತ್ತಾತವ್ವಾ ಹಿಂಗ ಕೂತು?" ಎಂದು ನಾನು ಕೇಳಿದೆ.

"ಭಾಳ ಹೊತ್ತಾತಪ್ಪಾ. ಆ ಕಡೆಯವರು ಇನ್ನೂ ಎತ್ತವಲ್ಲರು," ಎಂದರು ವೈದೇಹಿ. ಆಮೇಲೆ ಕಾಮಾಕ್ಷಮ್ಮನ ಕಿವಿಯ ಹತ್ತಿರ ಬಂದು, ಮಕ್ಕಳಿಗೆ ಕೇಳಿಸದಂತೆ ದನಿ ತಗ್ಗಿಸಿದರು. "ಲಗೂನ ಎತ್ತಲಿಲ್ಲಂದ್ರ ಛಲೋ ಆತು ನೋಡ್ರಿ."